ಬೇಡ ಎಂದವರು ಕಾರಣ ಹೇಳಬೇಕು: ಅಮೆರಿಕದ ಅಧ್ಯಕ್ಷರ ವೀಟೊ ಮತ್ತು ಅದನ್ನು ಮೀರಿದ ಶಾಸಕಾಂಗ

ಅಮೆರಿಕದ ಸಂವಿಧಾನದಲ್ಲಿ ಎಲ್ಲಿ ಹುಡುಕಿದರೂ ‘ವೀಟೊ’ ಎಂಬ ಪದ ಸಿಗುವುದಿಲ್ಲ. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಅದನ್ನು ಬರೆದವರು ಆ ಲ್ಯಾಟಿನ್ ಪದದ ಗೊಡವೆಗೆ ಹೋಗದೆ ಒಂದು ಕ್ರಮವನ್ನು ಮಾತ್ರ ವಿವರಿಸಿದರು. ಕಾಂಗ್ರೆಸ್ ಎಂದು ಕರೆಯುವ ಅಲ್ಲಿನ ಸಂಸತ್ತಿನ ಎರಡೂ ಸದನಗಳು ಒಪ್ಪಿದ ಮಸೂದೆ ಅಧ್ಯಕ್ಷರ ಮುಂದೆ ಬರಬೇಕು. ಒಪ್ಪಿಗೆಯಾದರೆ ಅವರು ಸಹಿ ಹಾಕಬೇಕು. ಒಪ್ಪಿಗೆಯಾಗದಿದ್ದರೆ ತಮ್ಮ ಆಕ್ಷೇಪಣೆಗಳನ್ನು ಬರೆದು, ಮಸೂದೆ ಹುಟ್ಟಿದ ಸದನಕ್ಕೇ ಹಿಂದಿರುಗಿಸಬೇಕು. ಇದಕ್ಕೆ ಭಾನುವಾರಗಳನ್ನು ಬಿಟ್ಟು ಹತ್ತು ದಿನಗಳ ಗಡುವು. ಆ ಸದನವು ಆಕ್ಷೇಪಣೆಗಳನ್ನು ತನ್ನ ದಾಖಲೆಯಲ್ಲಿ ಪೂರ್ತಿಯಾಗಿ ಬರೆದುಕೊಂಡು ಮರುಪರಿಶೀಲನೆಗೆ ಕೂರಬೇಕು. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಸದಸ್ಯರು ಮತ್ತೆ ಹೌದೆಂದರೆ ಅಧ್ಯಕ್ಷರ ಸಹಿಯಿಲ್ಲದೆಯೇ ಅದು ಕಾಯಿದೆಯಾಗುತ್ತದೆ. ಈ ಮತದಾನ ಧ್ವನಿಮತದಲ್ಲಿ ಮುಗಿಯುವಂತಿಲ್ಲ. ಯಾರು ಹೌದೆಂದರು, ಯಾರು ಇಲ್ಲವೆಂದರು ಎಂಬುದು ಹೆಸರು ಹೆಸರಾಗಿ ದಾಖಲಾಗಬೇಕು.

ಈ ಕ್ರಮದಲ್ಲಿ ಎರಡು ಕಟ್ಟಳೆಗಳಿವೆ. ತಡೆಯುವವನು ಕಾರಣ ಬರೆಯಬೇಕು. ತಡೆಯನ್ನು ಮೀರುವವನು ಹೆಸರು ಕೊಡಬೇಕು. ವೀಟೊ ಕುರಿತ ಚರ್ಚೆ ಸಾಮಾನ್ಯವಾಗಿ ಬಲದ ಸುತ್ತ ತಿರುಗುತ್ತದೆ: ಅಧ್ಯಕ್ಷ ಗೆದ್ದನೋ, ಕಾಂಗ್ರೆಸ್ ಗೆದ್ದಿತೋ? ಇನ್ನೂರಮೂವತ್ತು ವರ್ಷಗಳಿಗೂ ಹೆಚ್ಚಿನ ಈ ಇತಿಹಾಸವನ್ನು ಒಟ್ಟಾಗಿ ನೋಡಿದಾಗ ನನಗೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಕಾರಣವನ್ನು ಬರೆದು, ಹೆಸರು ಕೊಟ್ಟು ನಡೆದ ಜಗಳಗಳು, ಸೋತವರನ್ನೂ ಸೇರಿಸಿ, ಆ ದೇಶಕ್ಕೆ ಏನನ್ನಾದರೂ ಕಲಿಸಿಹೋಗಿವೆ. ಮೌನದಲ್ಲಿ ನಡೆದ ತಡೆಗಳು ಅನುಮಾನವನ್ನಷ್ಟೇ ಉಳಿಸಿಹೋಗಿವೆ.

ಮೊದಲು ಲೆಕ್ಕ ನೋಡೋಣ. 1789ರಿಂದ 2025ರ ಜನವರಿಯಲ್ಲಿ ಜೋ ಬೈಡನ್ ಅಧಿಕಾರದಿಂದ ಇಳಿಯುವವರೆಗೆ ಅಧ್ಯಕ್ಷರು ಎರಡೂವರೆ ಸಾವಿರಕ್ಕೂ ಹೆಚ್ಚು ಸಲ ವೀಟೊ ಬಳಸಿದ್ದಾರೆ. ಕಾಂಗ್ರೆಸ್ ಅದನ್ನು ಮೀರಿದ್ದು 112 ಸಲ. ಒಟ್ಟು ವೀಟೊಗಳಲ್ಲಿ ಸಾವಿರಕ್ಕೂ ಮೇಲ್ಪಟ್ಟವು, ಮೀರಲು ಅವಕಾಶವೇ ಇಲ್ಲದ ‘ಪಾಕೆಟ್ ವೀಟೊ’ಗಳು. ಅವನ್ನು ಬಿಟ್ಟು ಎಣಿಸಿದರೂ ಅಧ್ಯಕ್ಷರ ತಡೆ ಬಿದ್ದುಹೋಗಿರುವುದು ನೂರಕ್ಕೆ ಸುಮಾರು ಏಳು ಸಲ ಮಾತ್ರ.

ರಾಜನ ಮಾತಿಗೆ ಕಟ್ಟಿದ ಕಡಿವಾಣ

ವೀಟೊ ಎಂದರೆ ಲ್ಯಾಟಿನ್ನಿನಲ್ಲಿ ‘ನಾನು ತಡೆಯುತ್ತೇನೆ’ ಎಂದರ್ಥ. ರೋಮ್ ಗಣರಾಜ್ಯದಲ್ಲಿ ಸಾಮಾನ್ಯ ಜನರ ಪರವಾಗಿ ಆಯ್ಕೆಯಾದ ಟ್ರಿಬ್ಯೂನರು ಅಧಿಕಾರಿಗಳ ಕೆಲಸವನ್ನು ನಿಲ್ಲಿಸಬಲ್ಲವರಾಗಿದ್ದರು. ಇಂಗ್ಲೆಂಡಿನಲ್ಲಿ ಈ ಶಕ್ತಿ ರಾಜನ ಕೈಯಲ್ಲಿತ್ತು. ಅವನು ಅಂಕಿತ ಹಾಕದ ಮಸೂದೆ ಕಾಯಿದೆಯಾಗುತ್ತಿರಲಿಲ್ಲ. 1708ರಲ್ಲಿ ರಾಣಿ ಆನ್ ಸ್ಕಾಟ್ಲೆಂಡಿನ ನಾಗರಿಕ ಸೇನೆಯ ಮಸೂದೆಗೆ ಅಂಕಿತ ನಿರಾಕರಿಸಿದ್ದೇ ಕೊನೆ. ಆಮೇಲೆ ಬ್ರಿಟಿಷ್ ಪಾರ್ಲಿಮೆಂಟು ಒಪ್ಪಿದ ಮಸೂದೆಯನ್ನು ಯಾವ ರಾಜರಾಣಿಯೂ ತಿರಸ್ಕರಿಸಿಲ್ಲ. ಆದರೆ ಸಮುದ್ರದಾಚೆಯ ವಸಾಹತುಗಳ ಶಾಸನಸಭೆಗಳಿಗೆ ಈ ಸೌಜನ್ಯ ದೊರೆಯಲಿಲ್ಲ. ಅವು ಮಾಡಿದ ಕಾನೂನುಗಳು ಲಂಡನ್ನಿನಲ್ಲಿ ಬಿದ್ದುಹೋಗುತ್ತಿದ್ದವು, ಇಲ್ಲವೇ ವರ್ಷಗಟ್ಟಲೆ ನೆನೆಗುದಿಗೆ ಬೀಳುತ್ತಿದ್ದವು. 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ರಾಜನ ಮೇಲೆ ಹೊರಿಸಿದ ದೂರುಗಳ ಪಟ್ಟಿಯ ಮೊದಲ ದೂರೇ ಇದು: ಜನಹಿತಕ್ಕೆ ಬೇಕಾದ ಕಾನೂನುಗಳಿಗೆ ಅವನು ಒಪ್ಪಿಗೆ ಕೊಡಲಿಲ್ಲ.

ಇಂಥ ನೋವುಂಡವರೇ ಹನ್ನೊಂದು ವರ್ಷಗಳ ಬಳಿಕ ತಮ್ಮ ಅಧ್ಯಕ್ಷನಿಗೆ ತಡೆಯುವ ಅಧಿಕಾರ ಕೊಟ್ಟದ್ದು ಏಕೆ? ಆ ನಡುವೆ ಅವರು ಇನ್ನೊಂದು ಪಾಠವನ್ನೂ ಕಲಿತಿದ್ದರು. ರಾಜನ ಭಯದಿಂದ ಹಲವು ರಾಜ್ಯಗಳು ತಮ್ಮ ಗವರ್ನರುಗಳ ಕೈಕಟ್ಟಿ ಶಾಸನಸಭೆಗೇ ಎಲ್ಲವನ್ನೂ ಒಪ್ಪಿಸಿದ್ದವು. ಅಂಕೆಯಿಲ್ಲದ ಸಭೆಗಳು ಸಾಲಗಾರರ ಒತ್ತಡಕ್ಕೋ ಗುಂಪಿನ ಆವೇಶಕ್ಕೋ ಮಣಿದು ಕಾನೂನು ಮಾಡಿದ್ದನ್ನು ಜನ ನೋಡಿದ್ದರು. 1777ರಲ್ಲಿ ನ್ಯೂಯಾರ್ಕ್ ರಾಜ್ಯ ಮಸೂದೆಗಳ ಪರಿಶೀಲನೆಗೆ ಗವರ್ನರ್ ಮತ್ತು ನ್ಯಾಯಾಧೀಶರ ಒಂದು ಮಂಡಳಿ ಮಾಡಿತು. 1780ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರಿಗೆ ವೀಟೊ ಕೊಟ್ಟು, ಮೂರನೇ ಎರಡರಷ್ಟು ಬಹುಮತದಿಂದ ಅದನ್ನು ಮೀರಬಹುದೆಂದಿತು. ಫಿಲಡೆಲ್ಫಿಯಾದ ಸಭೆ ಹಿಡಿದದ್ದು ಈ ಎರಡನೆಯ ದಾರಿ.

ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮತ್ತು ಜೇಮ್ಸ್ ವಿಲ್ಸನ್ ಅಧ್ಯಕ್ಷನಿಗೆ ಪರಿಪೂರ್ಣ ವೀಟೊ ಇರಲಿ, ಯಾರೂ ಅದನ್ನು ಮೀರುವಂತಿರಬಾರದು ಎಂದು ವಾದಿಸಿದರು. ಸಭೆ ಒಪ್ಪಲಿಲ್ಲ. ಮೀರಲು ಎಷ್ಟು ಮತ ಬೇಕೆಂಬ ಬಗ್ಗೆಯೂ ಹಗ್ಗಜಗ್ಗಾಟ ನಡೆಯಿತು. ಆಗಸ್ಟ್‌ನಲ್ಲಿ ಅದನ್ನು ನಾಲ್ಕನೇ ಮೂರಕ್ಕೆ ಏರಿಸಿದರು. ಸಭೆ ಮುಗಿಯಲು ಕೆಲವೇ ದಿನಗಳಿದ್ದಾಗ, ಸೆಪ್ಟೆಂಬರ್ 12ರಂದು, ಮತ್ತೆ ಮೂರನೇ ಎರಡಕ್ಕೆ ಇಳಿಸಿದರು. ಮುಂದೆ ‘ಫೆಡರಲಿಸ್ಟ್’ ಪ್ರಬಂಧಮಾಲೆಯ 73ನೆಯ ಬರಹದಲ್ಲಿ ಹ್ಯಾಮಿಲ್ಟನ್ ಇದೇ ಮಿತವಾದ ವೀಟೊವನ್ನು ಸಮರ್ಥಿಸಿದರು. ಅವರ ವಾದಕ್ಕೆ ಎರಡು ಕಾಲುಗಳಿದ್ದವು: ಅಧ್ಯಕ್ಷನ ಅಧಿಕಾರವನ್ನು ಶಾಸಕಾಂಗ ಕಬಳಿಸದಂತೆ ಕಾಪಾಡುವುದು, ಮತ್ತು ಅವಸರದ ಕಾನೂನುಗಳಿಂದ ಜನರನ್ನು ಕಾಪಾಡುವುದು.

ಮೊದಲ ನಲವತ್ತು ವರ್ಷ: ಹತ್ತೇ ವೀಟೊ

1792ರ ಏಪ್ರಿಲ್ 5ರಂದು ಜಾರ್ಜ್ ವಾಷಿಂಗ್ಟನ್ ಮೊದಲ ವೀಟೊ ಬಳಸಿದರು. ಜನಗಣತಿಯ ನಂತರ ಪ್ರತಿನಿಧಿ ಸಭೆಯ ಸ್ಥಾನಗಳನ್ನು ರಾಜ್ಯಗಳಿಗೆ ಹಂಚುವ ಮಸೂದೆ ಅದು. ಮೂವತ್ತು ಸಾವಿರ ಜನರಿಗೆ ಒಬ್ಬ ಪ್ರತಿನಿಧಿಗಿಂತ ಹೆಚ್ಚಿರಬಾರದು ಎಂದು ಸಂವಿಧಾನ ಹೇಳಿತ್ತು. ಮಸೂದೆ ಎಂಟು ರಾಜ್ಯಗಳಿಗೆ ಆ ಮಿತಿ ಮೀರಿ ಸ್ಥಾನ ಕೊಟ್ಟಿತ್ತು. ವಾಷಿಂಗ್ಟನ್ ತಮ್ಮ ಸಂಪುಟದ ನಾಲ್ವರಿಂದಲೂ ಲಿಖಿತ ಅಭಿಪ್ರಾಯ ಕೇಳಿದರು. ಹ್ಯಾಮಿಲ್ಟನ್ ಮತ್ತು ನಾಕ್ಸ್ ಸಹಿ ಹಾಕಿ ಎಂದರೆ ಜೆಫರ್ಸನ್ ಮತ್ತು ರ‍್ಯಾಂಡಾಲ್ಫ್ ಬೇಡವೆಂದರು. ವಾಷಿಂಗ್ಟನ್ ತಮ್ಮ ಆಕ್ಷೇಪಣೆಯನ್ನು ಎರಡೇ ಅಂಶಗಳಲ್ಲಿ ಬರೆದು ಕಳಿಸಿದರು. ಪ್ರತಿನಿಧಿ ಸಭೆಯಲ್ಲಿ ವೀಟೊ ಮೀರುವ ಯತ್ನಕ್ಕೆ ಬಿದ್ದದ್ದು 28 ಮತ, ವಿರೋಧವಾಗಿ 33. ಹೊಸ ಮಸೂದೆ ಬಂತು, ಸಹಿಯಾಯಿತು. ಸಂವಿಧಾನ ಕಾಗದದ ಮೇಲೆ ಬರೆದ ಕ್ರಮ ಹೀಗೆ ಮೊದಲ ಸಲ ಉಸಿರಾಡಿತು.

ಆ ದಿನಗಳಲ್ಲಿ ವೀಟೊವನ್ನು ಸಂವಿಧಾನಕ್ಕೆ ಧಕ್ಕೆ ಬಂದಾಗ ಮಾತ್ರ ಬಳಸಬೇಕೆಂಬ ಅಳುಕು ಬಲವಾಗಿತ್ತು. ಮೊದಲ ಆರು ಅಧ್ಯಕ್ಷರು ಸೇರಿ ನಲವತ್ತು ವರ್ಷಗಳಲ್ಲಿ ಬಳಸಿದ್ದು ಹತ್ತೇ ಸಲ. ಜಾನ್ ಆಡಮ್ಸ್, ಜೆಫರ್ಸನ್, ಜಾನ್ ಕ್ವಿನ್ಸಿ ಆಡಮ್ಸ್ ಒಮ್ಮೆಯೂ ಬಳಸಲಿಲ್ಲ.

ಈ ಅಳುಕನ್ನು ಮುರಿದವರು ಆಂಡ್ರೂ ಜಾಕ್ಸನ್. ಅವರೊಬ್ಬರದೇ ಹನ್ನೆರಡು. 1832ರ ಜುಲೈ 10ರಂದು ಅಮೆರಿಕದ ರಾಷ್ಟ್ರೀಯ ಬ್ಯಾಂಕಿನ ಸನ್ನದು ನವೀಕರಿಸುವ ಮಸೂದೆಯನ್ನು ಅವರು ಹಿಂದಿರುಗಿಸಿದರು. ಸುಪ್ರೀಂ ಕೋರ್ಟು ಆ ಬ್ಯಾಂಕು ಸಂವಿಧಾನಬದ್ಧವೆಂದು ಮೊದಲೇ ಹೇಳಿತ್ತು. ಸಂವಿಧಾನದ ಅರ್ಥವನ್ನು ಅಧ್ಯಕ್ಷನೂ ತನ್ನ ವಿವೇಚನೆಯಿಂದ ತೀರ್ಮಾನಿಸಬೇಕು ಎಂದು ಜಾಕ್ಸನ್ ಬರೆದರು. ಅಲ್ಲಿಗೇ ನಿಲ್ಲದೆ, ಸರ್ಕಾರದ ಸವಲತ್ತುಗಳು ಸಿರಿವಂತರ ಸಿರಿಯನ್ನು ಇನ್ನಷ್ಟು ಹೆಚ್ಚಿಸಲು ಬಳಕೆಯಾಗಬಾರದು ಎಂದು ವಾದ ಹೂಡಿದರು. ಓದುಗ ಕಾಂಗ್ರೆಸ್ ಸದಸ್ಯನಾಗಿರಲಿಲ್ಲ. ಅದು ಮತದಾರನಿಗೆ ಬರೆದ ಪತ್ರವಾಗಿತ್ತು. ಆ ವರ್ಷದ ಚುನಾವಣೆಯಲ್ಲಿ ಬ್ಯಾಂಕೇ ಮುಖ್ಯ ವಿಷಯವಾಯಿತು, ಜಾಕ್ಸನ್ ಗೆದ್ದರು. ವೀಟೊ ಅಂದಿನಿಂದ ನೀತಿಯ ಆಯುಧವಾಯಿತು. ಕಾನೂನು ಸಂವಿಧಾನಬಾಹಿರವೆಂದಷ್ಟೇ ಅಲ್ಲ, ಕೆಟ್ಟದ್ದೆಂದೂ ಅಧ್ಯಕ್ಷ ತಡೆಯಬಹುದು ಎಂಬುದು ರೂಢಿಗೆ ಬಂತು.

ಇದರ ಬೆಲೆ ತೆತ್ತವರು ಜಾನ್ ಟೈಲರ್. ಉಪಾಧ್ಯಕ್ಷರಾಗಿದ್ದು, ಅಧ್ಯಕ್ಷರ ಸಾವಿನಿಂದ ಪಟ್ಟವೇರಿದ ಅವರು 1841ರಲ್ಲಿ ತಮ್ಮದೇ ವಿಗ್ ಪಕ್ಷದ ಎರಡು ಬ್ಯಾಂಕ್ ಮಸೂದೆಗಳನ್ನು ತಡೆದರು. ವಿದೇಶಾಂಗ ಸಚಿವ ಡೇನಿಯಲ್ ವೆಬ್‌ಸ್ಟರ್ ಒಬ್ಬರನ್ನು ಬಿಟ್ಟು ಸಂಪುಟವೆಲ್ಲ ರಾಜೀನಾಮೆ ಕೊಟ್ಟಿತು, ಪಕ್ಷ ಅವರನ್ನು ಹೊರಹಾಕಿತು. 1843ರ ಜನವರಿಯಲ್ಲಿ ವಾಗ್ದಂಡನೆಯ ನಿರ್ಣಯವೂ ಬಂದು ಸೋತಿತು. ಅವರ ಅಧಿಕಾರದ ಕೊನೆಯ ದಿನಗಳಲ್ಲಿ, 1845ರ ಮಾರ್ಚ್ 3ರಂದು, ಕಾಂಗ್ರೆಸ್ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ವೀಟೊವನ್ನು ಮೀರಿತು. ಸುಂಕ ಕಾಯುವ ಹಡಗುಗಳನ್ನು ಕಟ್ಟಿಸುವ ಸಣ್ಣ ಮಸೂದೆ ಅದು. ಸಂವಿಧಾನ ಜಾರಿಯಾಗಿ ಐವತ್ತಾರು ವರ್ಷ ಕಳೆದಿತ್ತು.

1866: ಬರೆದ ಕಾರಣವೇ ಸಾಕ್ಷಿಯಾದಾಗ

ದೊಡ್ಡ ಪ್ರಶ್ನೆಯೊಂದರ ಮೇಲೆ ಕಾಂಗ್ರೆಸ್ ಅಧ್ಯಕ್ಷರನ್ನು ಮೀರಿ ನಡೆದದ್ದು ಅಂತರ್ಯುದ್ಧ ಮುಗಿದ ಮರುವರ್ಷ. ಗುಲಾಮಗಿರಿ ಕಾನೂನಿನಲ್ಲಿ ಸತ್ತಿತ್ತು. ದಕ್ಷಿಣದ ರಾಜ್ಯಗಳು ‘ಕರಿಯರ ಸಂಹಿತೆ’ಗಳ ಮೂಲಕ ಅದಕ್ಕೆ ಮತ್ತೆ ಜೀವ ತುಂಬುತ್ತಿದ್ದವು. ಅಮೆರಿಕದಲ್ಲಿ ಹುಟ್ಟಿದವರೆಲ್ಲ ಪ್ರಜೆಗಳು, ಒಪ್ಪಂದ ಮಾಡಿಕೊಳ್ಳಲು, ಆಸ್ತಿ ಹೊಂದಲು, ಕೋರ್ಟಿನಲ್ಲಿ ಸಾಕ್ಷಿ ಹೇಳಲು ಎಲ್ಲರಿಗೂ ಬಿಳಿಯರಷ್ಟೇ ಹಕ್ಕಿದೆ ಎಂದು ಸಾರಿದ ನಾಗರಿಕ ಹಕ್ಕುಗಳ ಮಸೂದೆಯನ್ನು ಕಾಂಗ್ರೆಸ್ ಒಪ್ಪಿತು. ಲಿಂಕನ್ನರ ಹತ್ಯೆಯಿಂದ ಅಧ್ಯಕ್ಷರಾಗಿದ್ದ ಆಂಡ್ರೂ ಜಾನ್ಸನ್ ಮಾರ್ಚ್ 27ರಂದು ಅದನ್ನು ಹಿಂದಿರುಗಿಸಿದರು.

ಅವರ ಆಕ್ಷೇಪಣೆಯನ್ನು ಇಂದು ಓದಿದರೆ ಮನಸ್ಸು ಕಹಿಯಾಗುತ್ತದೆ. ನಿನ್ನೆಯವರೆಗೆ ಗುಲಾಮರಾಗಿದ್ದವರಿಗೆ ಪೌರತ್ವ ಕೊಡುವುದು ಅವಸರವೆಂದರು. ಮಸೂದೆ ಕರಿಯರ ಪರವಾಗಿ ಬಿಳಿಯರ ವಿರುದ್ಧ ಭೇದ ಮಾಡುತ್ತದೆ ಎಂದರು. ಏಪ್ರಿಲ್ 6ರಂದು ಸೆನೆಟ್ 33–15ರಿಂದ, 9ರಂದು ಪ್ರತಿನಿಧಿ ಸಭೆ 122–41ರಿಂದ ವೀಟೊವನ್ನು ಮೀರಿದವು. ಆ ಕಾಯಿದೆಯ ತಿರುಳು ಎರಡು ವರ್ಷಗಳಲ್ಲಿ ಹದಿನಾಲ್ಕನೆಯ ತಿದ್ದುಪಡಿಯಾಗಿ ಸಂವಿಧಾನವನ್ನೇ ಸೇರಿತು. ಜಾನ್ಸನ್ ಒಟ್ಟು 29 ವೀಟೊ ಬಳಸಿದರು, 15 ಬಿದ್ದುಹೋದವು. ಇಷ್ಟು ಸಲ ಮುಖಭಂಗ ಅನುಭವಿಸಿದ ಅಧ್ಯಕ್ಷ ಮತ್ತೊಬ್ಬನಿಲ್ಲ. ಸೆನೆಟಿನ ಒಪ್ಪಿಗೆಯಿಲ್ಲದೆ ಅಧಿಕಾರಿಗಳನ್ನು ವಜಾ ಮಾಡಬಾರದೆಂಬ 1867ರ ಕಾಯಿದೆಯೂ ಹೀಗೆ ವೀಟೊ ಮೀರಿ ಬಂದದ್ದೇ. ಅದನ್ನು ಉಲ್ಲಂಘಿಸಿದರೆಂದೇ 1868ರಲ್ಲಿ ಅವರ ಮೇಲೆ ವಾಗ್ದಂಡನೆ ನಡೆಯಿತು. ಒಂದೇ ಮತದಿಂದ ಉಳಿದುಕೊಂಡರು.

ಕಾರಣ ಬರೆಯಬೇಕೆಂಬ ಕಟ್ಟಳೆ ಇಲ್ಲದಿದ್ದರೆ ಜಾನ್ಸನ್ ಬರಿಯ ಮೌನದ ಹಿಂದೆ ನಿಲ್ಲಬಹುದಿತ್ತು. ಬರೆದದ್ದರಿಂದ ಅವರ ಮನಸ್ಸು ಅಂದಿನ ಸದನಕ್ಕೂ ಇಂದಿನ ಓದುಗನಿಗೂ ಒಂದೇ ರೀತಿ ಕಾಣುತ್ತದೆ. ಹಾಗೆಯೇ ‘ಹೌದು’ ಎಂದ 122 ಜನರ ಹೆಸರೂ ಉಳಿದಿದೆ, ‘ಇಲ್ಲ’ ಎಂದ 41 ಜನರ ಹೆಸರೂ ಉಳಿದಿದೆ.

ಇದರ ಇನ್ನೊಂದು ಮುಖ 1879ರಲ್ಲಿ ಕಾಣಿಸಿತು. ಆಗ ಕಾಂಗ್ರೆಸ್ಸಿನ ಬಹುಮತ ಮತದಾನದ ಹಕ್ಕನ್ನು ಕಾಯುವ ಕೇಂದ್ರ ಕಾನೂನುಗಳನ್ನು ಕಳಚಲು ಹೊರಟು, ಅದನ್ನು ಸೇನೆಯ ಅನುದಾನದ ಮಸೂದೆಗೆ ಬಾಲದಂತೆ ಕಟ್ಟಿ ಕಳಿಸಿತು. ಹಣ ಬೇಕಿದ್ದರೆ ಬಾಲವನ್ನೂ ನುಂಗಿ ಎಂಬ ಒತ್ತಡ ಅದು. ರುದರ್‌ಫರ್ಡ್ ಹೇಯ್ಸ್ ಒಂದಾದ ಮೇಲೊಂದು ವೀಟೊ ಬರೆದರು, ಮೀರಲು ಬೇಕಾದ ಮತ ಕಾಂಗ್ರೆಸ್ಸಿಗೆ ಸಿಗಲಿಲ್ಲ. 1866ರಲ್ಲಿ ದುರ್ಬಲರ ಹಕ್ಕನ್ನು ಉಳಿಸಿದ್ದು ವೀಟೊ ಮೀರಿದ ಕಾಂಗ್ರೆಸ್. ಹದಿಮೂರು ವರ್ಷಗಳ ಬಳಿಕ ಆ ಹಕ್ಕಿಗೆ ಕಾವಲು ನಿಂತದ್ದು ವೀಟೊ. ಸಾಧನ ಯಾವ ಪಕ್ಷಕ್ಕೂ ಸೇರಿದ್ದಲ್ಲ.

ಕ್ಲೀವ್‌ಲ್ಯಾಂಡ್ ಮತ್ತು ರೂಸ್‌ವೆಲ್ಟ್: ಸಂಖ್ಯೆಯ ಶಿಖರ

ಅತಿ ಹೆಚ್ಚು ವೀಟೊ ಬಳಸಿದ ಇಬ್ಬರು ಗ್ರೋವರ್ ಕ್ಲೀವ್‌ಲ್ಯಾಂಡ್ ಮತ್ತು ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್. ಕ್ಲೀವ್‌ಲ್ಯಾಂಡ್ ಎರಡು ಅವಧಿಗಳಲ್ಲಿ 584, ರೂಸ್‌ವೆಲ್ಟ್ ಹನ್ನೆರಡು ವರ್ಷಗಳಲ್ಲಿ 635. ಸಂಖ್ಯೆ ನೋಡಿ ದಂಗಾಗಬೇಕಿಲ್ಲ. ಕ್ಲೀವ್‌ಲ್ಯಾಂಡ್ ತಡೆದವುಗಳಲ್ಲಿ ಬಹುಪಾಲು ಯಾರೋ ಒಬ್ಬ ಮಾಜಿ ಸೈನಿಕನಿಗೋ ಅವನ ವಿಧವೆಗೋ ಪಿಂಚಣಿ ಕೊಡಿಸುವ ಖಾಸಗಿ ಮಸೂದೆಗಳು. ಪಿಂಚಣಿ ಕಚೇರಿ ತಿರಸ್ಕರಿಸಿದ ಅರ್ಜಿಗಳು ಊರಿನ ಸಂಸದನ ಕೈಹಿಡಿದು ಮಸೂದೆಗಳಾಗಿ ಬರುತ್ತಿದ್ದವು. ಕ್ಲೀವ್‌ಲ್ಯಾಂಡ್ ಅವುಗಳಲ್ಲಿ ಹಲವನ್ನು ತಾವೇ ಓದಿ ಕಾರಣ ಬರೆಯುತ್ತಿದ್ದರು. 1887ರಲ್ಲಿ ಬರಪೀಡಿತ ಟೆಕ್ಸಾಸ್ ರೈತರ ಬಿತ್ತನೆ ಬೀಜಕ್ಕೆ ಹತ್ತು ಸಾವಿರ ಡಾಲರ್ ಕೊಡುವ ಮಸೂದೆಯನ್ನೂ ಅವರು ಹಿಂದಿರುಗಿಸಿದರು: ಜನ ಸರ್ಕಾರವನ್ನು ಪೋಷಿಸಬೇಕೇ ಹೊರತು ಸರ್ಕಾರ ಜನರನ್ನು ಪೋಷಿಸಬಾರದು ಎಂಬುದು ಅವರ ನಿಲುವು. ಬರ ಕಂಡ ನಾಡಿನವರಾದ ನಮಗೆ ಈ ಮಾತು ಒಪ್ಪುವುದು ಕಷ್ಟ. ಆದರೂ ಅದು ಮುಚ್ಚುಮರೆಯಿಲ್ಲದ ಮಾತು. ಅದನ್ನು ಎದುರಿಸಿ ವಾದಿಸಲು ಸಾಧ್ಯ.

ರೂಸ್‌ವೆಲ್ಟ್ 1935ರ ಮೇ 22ರಂದು ಜಂಟಿ ಅಧಿವೇಶನಕ್ಕೆ ತಾವೇ ಹೋಗಿ ವೀಟೊ ಸಂದೇಶ ಓದಿದರು. ಹಾಗೆ ಮಾಡಿದ ಮೊದಲ ಅಧ್ಯಕ್ಷ ಅವರು. ಮೊದಲ ಮಹಾಯುದ್ಧದ ಸೈನಿಕರಿಗೆ ಬೋನಸ್ಸನ್ನು ಅವಧಿಗೆ ಮುಂಚೆಯೇ ಕೊಡುವ ಮಸೂದೆ ಅದು. ಆ ವರ್ಷ ಅವರು ಗೆದ್ದರು, ಮರುವರ್ಷ ಅಂಥದೇ ಮಸೂದೆಯಲ್ಲಿ ಸೋತರು. 1944ರಲ್ಲಿ ತೆರಿಗೆ ಮಸೂದೆಯೊಂದನ್ನು ತಡೆಯುತ್ತ, ಇದು ಬಡವರಿಗಲ್ಲ, ದುರಾಸೆಯವರಿಗೆ ನೆರವಾಗುವ ಮಸೂದೆ ಎಂದು ಬರೆದಾಗ, ಅವರ ಪಕ್ಷದ ಸೆನೆಟ್ ನಾಯಕ ಆಲ್ಬೆನ್ ಬಾರ್ಕ್‌ಲಿ ನೊಂದು ನಾಯಕತ್ವಕ್ಕೇ ರಾಜೀನಾಮೆ ಕೊಟ್ಟರು. ಸಹೋದ್ಯೋಗಿಗಳು ಕೂಡಲೇ ಅವರನ್ನು ಮತ್ತೆ ಆರಿಸಿದರು, ವೀಟೊವನ್ನೂ ಮೀರಿದರು. ಕಾರಣ ಬರೆಯುವಾಗ ಭಾಷೆಯ ಹದ ತಪ್ಪಿದರೆ ಸ್ವಂತ ಪಕ್ಷವೂ ಕೈಬಿಡುತ್ತದೆ.

ಸೋತ ಕಾರಣ ಮರಳಿ ಬಂದದ್ದು

ಶಾಸಕಾಂಗ ವೀಟೊ ಮೀರಿದಾಗಲೆಲ್ಲ ಪ್ರಜಾಪ್ರಭುತ್ವ ಗೆದ್ದಿತೆಂದು ಭಾವಿಸುವವರು ವಲಸೆ ಕಾನೂನುಗಳ ಕಥೆಯನ್ನು ಓದಬೇಕು. ಇದು ನಮಗೂ ತಾಕುವ ಕಥೆ.

1917ರಲ್ಲಿ ಕಾಂಗ್ರೆಸ್ ವಲಸಿಗರಿಗೆ ಓದುಬರಹದ ಪರೀಕ್ಷೆ ವಿಧಿಸುವ ಮಸೂದೆ ಕಳಿಸಿತು. ಏಷ್ಯಾದ ಬಹುಭಾಗವನ್ನು, ಭಾರತವೂ ಸೇರಿದಂತೆ, ನಿಷೇಧಿತ ವಲಯವೆಂದು ಸಾರುವ ಅಂಶವೂ ಅದರಲ್ಲಿತ್ತು. ವುಡ್ರೊ ವಿಲ್ಸನ್ನರ ಆಕ್ಷೇಪಣೆ ಮುಖ್ಯವಾಗಿ ಪರೀಕ್ಷೆಯ ಬಗ್ಗೆ ಇತ್ತು: ಅದು ವ್ಯಕ್ತಿಯ ಗುಣವನ್ನು ಅಳೆಯುವುದಿಲ್ಲ, ಅವಕಾಶ ಸಿಗದವರನ್ನು ಶಿಕ್ಷಿಸುತ್ತದೆ. ಫೆಬ್ರವರಿ 5ರಂದು ಕಾಂಗ್ರೆಸ್ ವೀಟೊವನ್ನು ಮೀರಿತು. ಭಾರತದ ಕೂಲಿಗಾರನಿಗೆ ಅಮೆರಿಕದ ಬಾಗಿಲು ಮುಚ್ಚಿತು.

1946ರಲ್ಲಿ ವರ್ಷಕ್ಕೆ ನೂರು ಭಾರತೀಯರಿಗೆ ಎಂಬ ಸಣ್ಣ ಕಿಂಡಿ ತೆರೆಯಿತು. 1952ರಲ್ಲಿ ಬಂದ ಮೆಕಾರನ್–ವಾಲ್ಟರ್ ಮಸೂದೆ ಜನಾಂಗದ ಹೆಸರಿನ ಪೂರ್ಣ ನಿಷೇಧವನ್ನು ತೆಗೆದರೂ, ಹುಟ್ಟಿದ ದೇಶ ನೋಡಿ ಕೋಟಾ ಹಂಚುವ ಪದ್ಧತಿಯನ್ನು ಉಳಿಸಿಕೊಂಡಿತು. ಏಷ್ಯನ್ನರಿಗೆ ಬೆರಳೆಣಿಕೆಯ ಪಾಲು. ಹ್ಯಾರಿ ಟ್ರೂಮನ್ ಜೂನ್ 25ರಂದು ದೀರ್ಘವಾದ ವೀಟೊ ಸಂದೇಶ ಬರೆದು, ಈ ಕೋಟಾ ಪದ್ಧತಿ ದೇಶದ ಆದರ್ಶಗಳಿಗೇ ಅವಮಾನ ಎಂದು ವಾದಿಸಿದರು. ಎರಡೇ ದಿನಗಳಲ್ಲಿ ಕಾಂಗ್ರೆಸ್ ಅದನ್ನು ತಳ್ಳಿಹಾಕಿತು, ಸೆನೆಟಿನಲ್ಲಿ 57–26. ಮೂರನೇ ಎರಡಕ್ಕಿಂತ ಒಂದೇ ಮತ ಹೆಚ್ಚು.

ಆದರೆ ಟ್ರೂಮನ್ನರ ಬರಹ ಸದನದ ದಾಖಲೆಯಲ್ಲಿ ಉಳಿಯಿತು. ಹದಿಮೂರು ವರ್ಷಗಳ ನಂತರ, 1965ರಲ್ಲಿ, ಅವರ ವಾದವೇ ಕಾಯಿದೆಯಾಯಿತು. ದೇಶವಾರು ಕೋಟಾ ರದ್ದಾಯಿತು. ಬೆಂಗಳೂರು, ಮೈಸೂರು, ಧಾರವಾಡಗಳಿಂದ ಎಂಜಿನಿಯರುಗಳು, ವೈದ್ಯರು ಅಮೆರಿಕಕ್ಕೆ ಹೋಗಿ ನೆಲೆಸಿದ್ದು, ಅಲ್ಲಿ ಕನ್ನಡ ಕೂಟಗಳು ಬೆಳೆದದ್ದು ಈ ತೆರೆದ ಬಾಗಿಲಿನಿಂದ. ಬಿದ್ದುಹೋದ ವೀಟೊವೊಂದರ ಕಾರಣಗಳು ಹೀಗೆ ನಮ್ಮ ಅನೇಕ ಮನೆಗಳ ಕಥೆಯೊಳಗೂ ಸೇರಿಕೊಂಡಿವೆ.

ಕಾರಣ ಓದದೆ ವೀಟೊ ಮೀರಿದರೆ ಏನಾಗುತ್ತದೆಂಬುದಕ್ಕೆ 2016ರ ಉದಾಹರಣೆ ಇದೆ. 2001ರ ಸೆಪ್ಟೆಂಬರ್ ದಾಳಿಯಲ್ಲಿ ಮಡಿದವರ ಕುಟುಂಬಗಳು ಸೌದಿ ಅರೇಬಿಯಾದ ಮೇಲೆ ದಾವೆ ಹೂಡಲು ಅವಕಾಶ ಕೊಡುವ ಮಸೂದೆಯನ್ನು ಬರಾಕ್ ಒಬಾಮ ಹಿಂದಿರುಗಿಸಿದರು. ಇತರ ದೇಶಗಳೂ ಇದೇ ದಾರಿ ಹಿಡಿದು ಅಮೆರಿಕದ ಸೈನಿಕರನ್ನು, ಅಧಿಕಾರಿಗಳನ್ನು ಕೋರ್ಟಿಗೆ ಎಳೆಯಬಹುದು ಎಂದು ಎಚ್ಚರಿಸಿದರು. ಸೆನೆಟ್ 97–1ರಿಂದ, ಪ್ರತಿನಿಧಿ ಸಭೆ 348–77ರಿಂದ ವೀಟೊವನ್ನು ಮೀರಿದವು. ಬೆನ್ನಲ್ಲೇ 28 ಸೆನೆಟರುಗಳು ಇದೇ ಆತಂಕವನ್ನು ತೋಡಿಕೊಂಡು ಪತ್ರ ಬರೆದರು. ಆ ಯೋಚನೆ ಮತ ಹಾಕುವ ಮೊದಲು ಬರಬೇಕಿತ್ತು.

ಯುದ್ಧ, ವರ್ಣಭೇದ, ಮೂರನೇ ಎರಡು

ಕಾಂಗ್ರೆಸ್ ನಿಜಕ್ಕೂ ತೂಗಿ ನೋಡಿ ವೀಟೊ ಮೀರಿದ ಎರಡು ಸಂದರ್ಭಗಳನ್ನು ಇಲ್ಲಿ ನೆನೆಯಬೇಕು.

ವಿಯೆಟ್ನಾಂ ಯುದ್ಧದಲ್ಲಿ ಕಾಂಗ್ರೆಸ್ ಯುದ್ಧ ಘೋಷಿಸಿರಲೇ ಇಲ್ಲ; ಅಧ್ಯಕ್ಷರು ಒಬ್ಬರ ನಂತರ ಒಬ್ಬರು ಯುದ್ಧವನ್ನು ಬೆಳೆಸುತ್ತಲೇ ಹೋದರು. 1973ರಲ್ಲಿ ಬಂದ ಯುದ್ಧಾಧಿಕಾರ ನಿರ್ಣಯ, ಸೇನೆಯನ್ನು ಕದನಕ್ಕೆ ಇಳಿಸಿದ 48 ಗಂಟೆಗಳಲ್ಲಿ ವರದಿ ಕೊಡಬೇಕು, ಕಾಂಗ್ರೆಸ್ ಒಪ್ಪದಿದ್ದರೆ 60 ದಿನಗಳಲ್ಲಿ ನಿಲ್ಲಿಸಬೇಕು ಎಂದಿತು. ಅಕ್ಟೋಬರ್ 24ರಂದು ರಿಚರ್ಡ್ ನಿಕ್ಸನ್ ವೀಟೊ ಮಾಡಿದರು. ನಾಲ್ಕು ದಿನಗಳ ಹಿಂದಷ್ಟೇ ಅವರು ವಾಟರ್‌ಗೇಟ್ ಹಗರಣದ ವಿಶೇಷ ಅಭಿಯೋಜಕರನ್ನು ವಜಾ ಮಾಡಿಸಿ ಜನರ ನಂಬಿಕೆ ಕಳೆದುಕೊಂಡಿದ್ದರು. ನವೆಂಬರ್ 7ರಂದು ಪ್ರತಿನಿಧಿ ಸಭೆ 284–135ರಿಂದ, ಸೆನೆಟ್ 75–18ರಿಂದ ವೀಟೊವನ್ನು ಮೀರಿದವು. ಪ್ರತಿನಿಧಿ ಸಭೆಯಲ್ಲಿ ಐದು ಜನ ಮನಸ್ಸು ಬದಲಿಸಿದ್ದರೂ ನಿರ್ಣಯ ಬಿದ್ದುಹೋಗುತ್ತಿತ್ತು.

1986ರದು ಇನ್ನೂ ವಿಶೇಷ. ದಕ್ಷಿಣ ಆಫ್ರಿಕದ ವರ್ಣಭೇದ ಸರ್ಕಾರದ ಮೇಲೆ ಆರ್ಥಿಕ ದಿಗ್ಬಂಧನ ಹೇರುವ ಮಸೂದೆಯನ್ನು ರೊನಾಲ್ಡ್ ರೇಗನ್ ತಡೆದರು. ದಿಗ್ಬಂಧನದ ಏಟು ಮೊದಲು ಬೀಳುವುದು ಅಲ್ಲಿನ ಕಪ್ಪು ಕಾರ್ಮಿಕರ ಮೇಲೆ ಎಂಬುದು ಅವರ ವಾದ. ಆ ಹೊತ್ತಿಗೆ ವಿಶ್ವವಿದ್ಯಾಲಯಗಳಲ್ಲಿ, ಚರ್ಚುಗಳಲ್ಲಿ, ದಕ್ಷಿಣ ಆಫ್ರಿಕದ ರಾಯಭಾರ ಕಚೇರಿಯ ಎದುರಿನ ಧರಣಿಗಳಲ್ಲಿ ಈ ವಾದಕ್ಕೆ ಉತ್ತರ ಸಿದ್ಧವಾಗಿತ್ತು. ರೇಗನ್ನರದೇ ರಿಪಬ್ಲಿಕನ್ ಪಕ್ಷದವರಾದ, ಸೆನೆಟ್ ವಿದೇಶಾಂಗ ಸಮಿತಿಯ ಅಧ್ಯಕ್ಷ ರಿಚರ್ಡ್ ಲೂಗರ್ ವೀಟೊ ಮೀರುವ ಪರ ನಿಂತರು. ಸೆನೆಟಿನಲ್ಲಿ 78–21. ದಿಗ್ಬಂಧನ ತೆಗೆಯಲು ಕಾಯಿದೆ ಹಾಕಿದ್ದ ಷರತ್ತುಗಳಲ್ಲಿ ನೆಲ್ಸನ್ ಮಂಡೇಲರ ಬಿಡುಗಡೆಯೂ ಒಂದು. ಅಧ್ಯಕ್ಷನ ಪಕ್ಷದವರೇ ಅವನ ಕಾರಣವನ್ನು ತೂಗಿ ನೋಡಿ, ಹೆಸರು ಕೊಟ್ಟು ಎದುರು ನಿಂತದ್ದು ಈ ಕ್ರಮದ ಅತ್ಯುತ್ತಮ ಗಳಿಗೆ ಎಂದು ನಾನು ನಂಬುತ್ತೇನೆ.

ಕಾರಣ ಹೇಳದ ತಡೆಗಳು

ಹತ್ತು ದಿನಗಳ ಗಡುವಿನೊಳಗೆ ಕಾಂಗ್ರೆಸ್ ಅಧಿವೇಶನ ಮುಗಿಸಿ ಹೊರಟುಹೋದರೆ, ಮಸೂದೆಯನ್ನು ಹಿಂದಿರುಗಿಸಲು ಸದನವೇ ಇರುವುದಿಲ್ಲ. ಆಗ ಅಧ್ಯಕ್ಷರು ಸಹಿ ಹಾಕದೆ ಸುಮ್ಮನಿದ್ದರೂ ಮಸೂದೆ ಸಾಯುತ್ತದೆ. ಇದೇ ಪಾಕೆಟ್ ವೀಟೊ. 1812ರಲ್ಲಿ ಜೇಮ್ಸ್ ಮ್ಯಾಡಿಸನ್ ಮೊದಲು ಬಳಸಿದರು. ಇಲ್ಲಿ ಕಾರಣ ಬರೆಯಬೇಕಿಲ್ಲ, ಮೀರುವ ದಾರಿಯೂ ಇಲ್ಲ. ಯುದ್ಧಾನಂತರದ ದಕ್ಷಿಣವನ್ನು ಮರಳಿ ಒಕ್ಕೂಟಕ್ಕೆ ಸೇರಿಸುವ ಬಗೆಯನ್ನು ನಿಗದಿಮಾಡಿದ 1864ರ ಮಸೂದೆಯನ್ನು ಲಿಂಕನ್ ಹೀಗೆ ತಡೆದರೂ, ಕಾರಣವನ್ನು ಸಾರ್ವಜನಿಕ ಘೋಷಣೆಯಾಗಿ ಪ್ರಕಟಿಸಿದರು. ಅದು ದೊಡ್ಡತನ. ಈ ದಾರಿಯನ್ನು ಹಿಗ್ಗಿಸಿ ಬಳಸಿದವರೂ ಇದ್ದರು. 1970ರ ಕ್ರಿಸ್‌ಮಸ್ ರಜೆಯ ಕೆಲವೇ ದಿನಗಳ ವಿರಾಮವನ್ನೇ ಬಳಸಿಕೊಂಡು ನಿಕ್ಸನ್ ಒಂದು ವೈದ್ಯಶಿಕ್ಷಣ ಮಸೂದೆಯನ್ನು ಜೇಬಿಗೆ ಹಾಕಿಕೊಂಡಾಗ, ಸೆನೆಟರ್ ಎಡ್ವರ್ಡ್ ಕೆನಡಿ ಕೋರ್ಟಿಗೆ ಹೋಗಿ ತಾವೇ ವಾದಿಸಿ 1974ರಲ್ಲಿ ಗೆದ್ದರು.

ಸಹಿ ಹಾಕುತ್ತಲೇ ‘ಈ ಭಾಗವನ್ನು ನಾನು ಹೀಗೆ ಅರ್ಥೈಸುತ್ತೇನೆ’ ಎಂದು ಟಿಪ್ಪಣಿ ಬರೆಯುವುದು ಇನ್ನೊಂದು ದಾರಿ. ಜಾರ್ಜ್ ಡಬ್ಲ್ಯೂ. ಬುಷ್ ಐದು ವರ್ಷಕ್ಕೂ ಮೀರಿ ಒಂದೂ ವೀಟೊ ಬಳಸಲಿಲ್ಲ. ಆದರೆ 2005ರ ಕೊನೆಯಲ್ಲಿ ಕೈದಿಗಳಿಗೆ ಚಿತ್ರಹಿಂಸೆ ಕೊಡಬಾರದೆಂಬ ಕಾಯಿದೆಗೆ ಸಹಿ ಹಾಕಿ, ಅದನ್ನು ಸೇನಾಧಿಪತಿಯಾಗಿ ತಮ್ಮ ಅಧಿಕಾರಕ್ಕೆ ಹೊಂದುವಂತೆ ಅರ್ಥೈಸುವುದಾಗಿ ಬರೆದರು. ಮಸೂದೆ ಸದನಕ್ಕೆ ಮರಳುವುದಿಲ್ಲವಾದ್ದರಿಂದ ಇದರ ಮೇಲೆ ಮತ ಹಾಕುವ ಪ್ರಶ್ನೆಯೇ ಏಳುವುದಿಲ್ಲ.

ಮಸೂದೆಯ ಒಂದೊಂದು ಖರ್ಚನ್ನು ಮಾತ್ರ ಹೊಡೆದುಹಾಕುವ ಅಧಿಕಾರವನ್ನು ಅಧ್ಯಕ್ಷ ಗ್ರಾಂಟ್ 1873ರಲ್ಲೇ ಕೇಳಿದ್ದರು. 1996ರಲ್ಲಿ ಕಾಂಗ್ರೆಸ್ ಅದನ್ನು ಕೊಟ್ಟಿತು, ಬಿಲ್ ಕ್ಲಿಂಟನ್ ಬಳಸಿದರು. 1998ರಲ್ಲಿ ಸುಪ್ರೀಂ ಕೋರ್ಟು 6–3ರಿಂದ ರದ್ದು ಮಾಡಿತು: ಇಡೀ ಮಸೂದೆಗೆ ಹೌದೋ ಅಲ್ಲವೋ ಹೇಳಬೇಕು, ಕಾನೂನನ್ನು ಒಬ್ಬನೇ ತಿದ್ದಿ ಬರೆಯುವಂತಿಲ್ಲ.

ತಲೆಕೆಳಗಾದ ಲೆಕ್ಕ

ಇಂದಿನ ಬಿಕ್ಕಟ್ಟು ಅರ್ಥವಾಗಲು ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿಯ ಮೊಕದ್ದಮೆಯನ್ನು ತಿಳಿಯಬೇಕು. ಕೀನ್ಯಾದಲ್ಲಿ ಹುಟ್ಟಿ ಬ್ರಿಟಿಷ್ ಪಾಸ್‌ಪೋರ್ಟ್ ಹೊಂದಿದ್ದ ಚಡ್ಢಾ ಎಂಬವರ ವೀಸಾ ಅಮೆರಿಕದಲ್ಲಿ ಮುಗಿದಿತ್ತು. ವಲಸೆ ನ್ಯಾಯಾಧಿಕಾರಿ ಅವರ ಗಡೀಪಾರನ್ನು ತಡೆಹಿಡಿದರು. ಪ್ರತಿನಿಧಿ ಸಭೆ ಒಂದೇ ನಿರ್ಣಯದಿಂದ ಆ ತಡೆಯನ್ನು ರದ್ದು ಮಾಡಿತು. ಅಧಿಕಾರಿಗಳಿಗೆ ಕೊಟ್ಟ ಅಧಿಕಾರವನ್ನು ಒಂದು ಸದನವೇ ಹೀಗೆ ಹಿಡಿತದಲ್ಲಿಡುವ ‘ಶಾಸಕಾಂಗದ ವೀಟೊ’ ಆಗ ಸುಮಾರು ಇನ್ನೂರು ಕಾಯಿದೆಗಳಲ್ಲಿತ್ತು. 1983ರಲ್ಲಿ ಸುಪ್ರೀಂ ಕೋರ್ಟು 7–2ರಿಂದ ಅದನ್ನು ಅಳಿಸಿಹಾಕಿತು. ಕಾನೂನಿನ ಬಲವಿರುವ ಯಾವುದೇ ನಿರ್ಧಾರ ಎರಡೂ ಸದನಗಳನ್ನು ದಾಟಿ ಅಧ್ಯಕ್ಷರ ಮುಂದೆ ಹೋಗಲೇಬೇಕು ಎಂದಿತು. ಒಬ್ಬ ಮನುಷ್ಯನಿಗೆ ನ್ಯಾಯ ಸಿಕ್ಕಿತು, ತರ್ಕವೂ ಸರಿಯಿತ್ತು. ಆದರೆ ಅದರ ಪರಿಣಾಮ ದೂರ ಹೋಯಿತು.

1976ರ ತುರ್ತುಪರಿಸ್ಥಿತಿ ಕಾಯಿದೆಯ ಪ್ರಕಾರ ಅಧ್ಯಕ್ಷರು ಸಾರಿದ ತುರ್ತುಪರಿಸ್ಥಿತಿಯನ್ನು ಎರಡೂ ಸದನಗಳು ಸರಳ ಬಹುಮತದಿಂದ ಕೊನೆಗಾಣಿಸಬಹುದಿತ್ತು. ತೀರ್ಪಿನ ನಂತರ, 1985ರಲ್ಲಿ, ಅದಕ್ಕೂ ಅಧ್ಯಕ್ಷರ ಸಹಿ ಬೇಕೆಂದು ತಿದ್ದುಪಡಿಯಾಯಿತು. 2019ರಲ್ಲಿ ಡೊನಾಲ್ಡ್ ಟ್ರಂಪ್ ಗಡಿಗೋಡೆಯ ಹಣಕ್ಕಾಗಿ ತುರ್ತುಪರಿಸ್ಥಿತಿ ಸಾರಿದರು. ಎರಡೂ ಸದನಗಳು ಬೇಡವೆಂದವು. ಅವರು ಮಾರ್ಚ್ 15ರಂದು ಆ ‘ಬೇಡ’ವನ್ನೇ ವೀಟೊ ಮಾಡಿದರು. ಪ್ರತಿನಿಧಿ ಸಭೆಯಲ್ಲಿ 248–181 ಮತ ಬಿದ್ದರೂ ಮೂರನೇ ಎರಡು ತುಂಬಲಿಲ್ಲ. ಯೆಮೆನ್ ಯುದ್ಧದಿಂದ ಹಿಂದೆ ಸರಿಯಿರಿ ಎಂಬ ನಿರ್ಣಯಕ್ಕೂ ಅದೇ ಗತಿಯಾಯಿತು.

ಹ್ಯಾಮಿಲ್ಟನ್ ಕಂಡಿದ್ದು ಕಾಂಗ್ರೆಸ್ ಅವಸರ ಮಾಡಿದಾಗ ಅಧ್ಯಕ್ಷ ಕೈಯಡ್ಡ ಹಿಡಿಯುವ ಚಿತ್ರ. ಈಗ ಅಧ್ಯಕ್ಷ ಮೊದಲು ನಡೆಯುತ್ತಾನೆ, ಕಾಂಗ್ರೆಸ್ ಅಡ್ಡ ಹಿಡಿಯಲು ಬಂದರೆ ವೀಟೊ ಅವನಿಗೆ ಗುರಾಣಿಯಾಗುತ್ತದೆ. ನೂರು ಜನರ ಸೆನೆಟಿನಲ್ಲಿ 34 ಜನ ಜೊತೆಗಿದ್ದರೆ ಸಾಕು. ಪಕ್ಷನಿಷ್ಠೆ ಗಟ್ಟಿಯಾದ ಈ ಕಾಲದಲ್ಲಿ ಆ 34 ಸುಲಭವಾಗಿ ಸಿಗುತ್ತವೆ. ಬೈಡನ್ನರ 13 ವೀಟೊಗಳಲ್ಲಿ ಒಂದೂ ಬೀಳಲಿಲ್ಲ. ಟ್ರಂಪ್‌ರ ಮೊದಲ ಅವಧಿಯ ಹತ್ತರಲ್ಲಿ ಬಿದ್ದದ್ದು ಒಂದೇ, 2021ರ ಹೊಸವರ್ಷದ ದಿನ, ರಕ್ಷಣಾ ಇಲಾಖೆಯ ಮಸೂದೆಯಲ್ಲಿ.

ನಮ್ಮ ಕಡೆ ತಿರುಗಿ ನೋಡಿದರೆ

ನಮ್ಮ ಸಂವಿಧಾನ ಈ ವಿಷಯದಲ್ಲಿ ಬೇರೆಯೇ ದಾರಿ ಹಿಡಿದಿದೆ. 111ನೆಯ ವಿಧಿಯಂತೆ ರಾಷ್ಟ್ರಪತಿ ಹಣಕಾಸು ಮಸೂದೆಯಲ್ಲದ ಯಾವುದನ್ನಾದರೂ ಸಂದೇಶದೊಡನೆ ಒಮ್ಮೆ ಹಿಂದಿರುಗಿಸಬಹುದು. ಸಂಸತ್ತು ಸರಳ ಬಹುಮತದಿಂದ ಮತ್ತೆ ಒಪ್ಪಿದರೆ ಅಂಕಿತ ಹಾಕಲೇಬೇಕು. 2006ರಲ್ಲಿ ಲಾಭದಾಯಕ ಹುದ್ದೆಯ ಮಸೂದೆಯನ್ನು ಎ.ಪಿ.ಜೆ. ಅಬ್ದುಲ್ ಕಲಾಂ ಹಿಂದಿರುಗಿಸಿದ್ದು, ಮತ್ತೆ ಬಂದಾಗ ಸಹಿ ಹಾಕಿದ್ದು ಹೀಗೆಯೇ. ಆದರೆ ಎಷ್ಟು ದಿನಗಳಲ್ಲಿ ಎಂಬ ಗಡುವು ನಮ್ಮಲ್ಲಿಲ್ಲ. 1986ರ ಅಂಚೆ ತಿದ್ದುಪಡಿ ಮಸೂದೆಗೆ ಜೈಲ್ ಸಿಂಗ್ ಸಹಿಯನ್ನೂ ಹಾಕಲಿಲ್ಲ, ಹಿಂದಿರುಗಿಸಲೂ ಇಲ್ಲ. ಪತ್ರಗಳನ್ನು ತೆರೆದು ನೋಡುವ ಅಧಿಕಾರ ಕೊಡುತ್ತಿದ್ದ ಆ ಮಸೂದೆ ನಿಂತದ್ದು ಒಳ್ಳೆಯದೇ. ನಿಂತ ಬಗೆ ಒಳ್ಳೆಯದಾಗಿರಲಿಲ್ಲ. ಈಗ ರಾಜ್ಯಪಾಲರ ಮೇಜಿನ ಮೇಲೆ ಮಸೂದೆಗಳು ಉಳಿದುಹೋಗುವ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಗಡುವು ವಿಧಿಸಿತ್ತು. ನವೆಂಬರ್‌ನಲ್ಲಿ ಐವರ ಪೀಠ, ಕೋರ್ಟು ಗಡುವು ಹಾಕುವಂತಿಲ್ಲ, ಆದರೆ ಕಾರಣವಿಲ್ಲದ ದೀರ್ಘ ವಿಳಂಬವನ್ನು ಸೀಮಿತವಾಗಿ ಪ್ರಶ್ನಿಸಬಹುದು ಎಂದು ಅಭಿಪ್ರಾಯಪಟ್ಟಿತು.

ಅಮೆರಿಕದ ಮೂರನೇ ಎರಡರ ಲೆಕ್ಕ ನಮಗೆ ಬೇಕಿಲ್ಲ. ನಾವು ಅವರಿಂದ ಕಲಿಯಬೇಕಾದ್ದು ಹತ್ತು ದಿನಗಳ ಗಡುವು ಮತ್ತು ಬರೆದ ಕಾರಣ. ಆರಿಸಿ ಬಂದ ಸದನ ಕಳಿಸಿದ ಕಾಗದಕ್ಕೆ ಉತ್ತರ ಬರೆಯುವುದು ಯಾವ ಹುದ್ದೆಗೂ ಕುಂದಲ್ಲ. ಜಾನ್ಸನ್ ಬರೆದದ್ದು ತಪ್ಪಾಗಿತ್ತು, ಟ್ರೂಮನ್ ಬರೆದದ್ದು ಸರಿಯಾಗಿತ್ತು. ಇಬ್ಬರನ್ನೂ ಅವರವರ ಸದನಗಳು ತಳ್ಳಿಹಾಕಿದವು. ಇಬ್ಬರೂ ಬರೆದಿದ್ದರಿಂದಲೇ ಯಾವುದು ತಪ್ಪು, ಯಾವುದು ಸರಿ ಎಂದು ನಾವಿಂದು ಹೇಳಬಲ್ಲೆವು.